ಎತ್ತು ಮಲಗುವಷ್ಟು ಹಗ್ಗ

ನಾನು ಬರೆದ ಚಿತ್ರವನ್ನು ಮನೆಯೊಳಗೆ ಬಿಟ್ಟುಕೊಳ್ಳುವುದಿಲ್ಲ ಎಂದು ನಮ್ಮ ದೊಡ್ಡವ್ವ ಕಳೆದ ಭಾನುವಾರ ಕಡ್ಡಿ ಮುರಿದಂತೆ ಹೇಳಿಬಿಟ್ಟಳು. ಅದೂ ಯಾವ ಚಿತ್ರ? ಅವಳದೇ ಕೊಟ್ಟಿಗೆಯ ಚಿತ್ರ!

ನಿಮಗೆ ಗೊತ್ತಲ್ಲ, ನಾನು ಹಡಗಲಿಯ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ನಮ್ಮ ಮೂಲ ಮನೆ ಇರುವುದು ಮಾಗಳದಲ್ಲಿ. ಅಲ್ಲಿ ದೊಡ್ಡವ್ವನ ಮಗ ಕೊಟ್ರೇಶಣ್ಣ ಹೊಸ ಟ್ರ್ಯಾಕ್ಟರ್ ತಂದ. ಟ್ರ್ಯಾಕ್ಟರಿಗೆ ಶೆಡ್ ಬೇಕು, ಶೆಡ್ಡಿಗೆ ಜಾಗ ಬೇಕು. ಉಳಿದಿದ್ದ ಒಂದೇ ಎತ್ತು ಬೆಳ್ಯಾನನ್ನು ಹೊಳಲಿನ ಬೀಗರಿಗೆ ಕೊಡುವುದು, ಕೊಟ್ಟಿಗೆ ಕೆಡವುವುದು ಎಂದು ತೀರ್ಮಾನವಾಯಿತು.

ದೊಡ್ಡವ್ವ ಜಗಳ ಮಾಡಲಿಲ್ಲ. ಊರಿನ ಎಸ್‌ಟಿಡಿ ಬೂತಿನಿಂದ ನಮ್ಮ ಶಾಲೆಗೆ ಫೋನ್ ಹಚ್ಚಿಸಿದಳು.

“ದನದ ಮನಿ ಕೆಡವ್ತಾರಂತಪ್ಪಾ. ಅದಕ್ಕಿಂತ ಮೊದ್ಲು ಅದರದೊಂದ್ ಚಿತ್ರ ತಗದು ಕೊಡು. ಪಡಸಾಲ್ಯಾಗ ಹಾಕ್ಕಂತೀನಿ.”

ಹೋದೆ. ಚಿಕ್ಕಂದಿನಿಂದ ನೂರಾರು ಸಲ ಹೊಕ್ಕು ಹೊರಬಂದ ಜಾಗ. ಬ್ರಷ್ ಹಿಡಿದು ಕೂತಾಗ ಬೇರೆಯೇ ಕಂಡಿತು. ಮಾಳಿಗೆಯ ಬೆಳಕಿಂಡಿಯಿಂದ ಇಳಿದ ಬಿಸಿಲಲ್ಲಿ ಹೊಟ್ಟಿನ ಧೂಳು ಆಡುತ್ತಿತ್ತು. ಎಷ್ಟೋ ಜೋಡಿ ಎತ್ತುಗಳು ಕುತ್ತಿಗೆ ಉಜ್ಜಿ ಉಜ್ಜಿ ನಡುಗಂಬ ನುಣ್ಣಗೆ ಹೊಳೆಯುತ್ತಿತ್ತು. (ಅಂಥ ಪಾಲಿಷ್ ಯಾವ ಬಡಗಿಯ ಕೈಲಿ ಸಾಧ್ಯ, ಹೇಳಿ?) ಗೋಡೆಯ ತುಂಬ ದೊಡ್ಡವ್ವ ಸಗಣಿ ಸಾರಿಸಿದ ಬೆರಳಿನ ಗುರುತು. ಗಂಜಲದ ವಾಸನೆಯನ್ನೂ ಬರೆಯಲು ಬಂದಿದ್ದರೆ ಬರೆದೇಬಿಡುತ್ತಿದ್ದೆ. ಆ ಕೊಟ್ಟಿಗೆಯ ಮೇಲೆ ನನಗೆ ಅಷ್ಟು ಪ್ರೀತಿ ಉಕ್ಕಿತು.

ಒಂದೇ ಕಡೆ ಜಾಣತನ ಮಾಡಿದೆ. ಬೆಳ್ಯಾನ ಹಗ್ಗ ಗೋದಲಿಯ (ಮೇವು ಹಾಕುವ ಕಟ್ಟೆ) ಬುಡದ ಗೂಟದಿಂದ ಸೊಟ್ಟಸೊಟ್ಟಗೆ ನೆಲದ ಮೇಲೆ ಬಿದ್ದಿತ್ತು. ನೋಡಲು ಲಕ್ಷಣವಿರಲಿಲ್ಲ. ಆ ಹೊಳೆಯುವ ಕಂಬಕ್ಕೆ, ಕೊರಳಿನ ಎತ್ತರಕ್ಕೇ ಬಿಗಿದು ಕಟ್ಟಿದಂತೆ ಬರೆದೆ. ಒಂದೇ ನೇರ ಗೆರೆ! ಶಾಲೆಯಲ್ಲಿ ಎಲ್ಲರೂ “ಆ ಗೆರೆ ಸೂಪರ್ ಸಾರ್” ಎಂದರು. ಉಬ್ಬಿಹೋದೆ.

ಫ್ರೇಮು ಹಾಕಿಸಿಕೊಂಡು ಭಾನುವಾರ ಮಾಗಳಕ್ಕೆ ಒಯ್ದೆ. ಅಷ್ಟರಲ್ಲಿ ಕೊಟ್ಟಿಗೆ ನೆಲಸಮವಾಗಿತ್ತು, ಬೆಳ್ಯಾ ಹೊಳಲು ಸೇರಿತ್ತು. ದೊಡ್ಡವ್ವ ಸೆರಗಿನಿಂದ ಗಾಜು ಒರೆಸಿ ಬಹಳ ಹೊತ್ತು ನೋಡಿದಳು.

“ಕಂಬ ಅದೇ ಐತಿ. ಬೆಳ್ಯಾನೂ ಹಂಗೇ ಐತಿ. ಆದ್ರ ಇದು ಮಕ್ಕೊಳ್ಳೋದು ಹೆಂಗ?”

“ಏನು ದೊಡ್ಡವ್ವಾ?”

“ಹಗ್ಗ ಇಷ್ಟು ಗಿಡ್ಡ ಮಾಡಿ ಮ್ಯಾಲ ಕಟ್ಟೀಯಲ್ಲೋ! ಎತ್ತು ನೆಲಕ್ಕ ಹೆಂಗ ಕುಂದ್ರಬೇಕು?”

“ಅದು ಚಿತ್ರ, ದೊಡ್ಡವ್ವಾ...”

“ಚಿತ್ರ ಆದ್ರ ಕಾಲು ನೋಯಂಗಿಲ್ಲೇನು? ನನ್ ಪಾಲಿಗೆ ಇನ್ನ ಅದು ಇರಾದು ಇದರಾಗ. ದಿನಾ ನಿಂತದ್ದನ್ನ ನಾ ಹೆಂಗ ನೋಡ್ಲಿ? ತಗಂಡ್ ಹೋಗು.”

ನಗಲು ಬಾಯಿ ತೆರೆದ ಕೊಟ್ರೇಶಣ್ಣ ಅವಳ ಮುಖ ನೋಡಿ ಟ್ರ್ಯಾಕ್ಟರಿನ ಕಡೆ ನಡೆದ. ಅವಳ ಕಣ್ಣು ತುಂಬಿತ್ತು. ನನಗೆ ನಿಜಕ್ಕೂ ನಾಚಿಕೆಯಾಯಿತು.

ವಾಪಸ್ ತಂದು ಆ ಸೂಪರ್ ಗೆರೆಯನ್ನು ಅಳಿಸಿದೆ. ಗೋದಲಿಯ ಬುಡದಿಂದ ಉದ್ದನೆಯ ಹಗ್ಗ ಬರೆದೆ, ಇದ್ದ ಹಾಗೆಯೇ, ಸೊಟ್ಟಗೆ. ಬ್ಯಾಲೆನ್ಸ್ ಹಾಳಾಯಿತು. ನಿನ್ನೆ ಮತ್ತೆ ಮಾಗಳಕ್ಕೆ ಒಯ್ದಾಗ ದೊಡ್ಡವ್ವ ಎದುರಿಗೇ ನಿಂತು ಪಡಸಾಲೆಯಲ್ಲಿ ಮೊಳೆ ಹೊಡೆಸಿದಳು.

“ಈಗ ಬೇಕಾದಾಗ ಮಕ್ಕಂತೈತಿ ಬಿಡು” ಎಂದಳು.

ಹದಿನೆಂಟು ವರ್ಷದಿಂದ ಕ್ಲಾಸಿನಲ್ಲಿ ಮಕ್ಕಳಿಗೆ ಒಂದೇ ಮಾತು ಹೇಳುತ್ತ ಬಂದಿದ್ದೇನೆ: ‘ನೋಡಿ ಬರೆಯಿರಿ.’ ನಾನು ನೋಡಿದ್ದು ಯಾವಾಗ?