ಜೊಲ್ಲೆಂದು ಗೊತ್ತಿದ್ದೂ

ಯಲ್ಲವ್ವಕ್ಕಾ, ನಿಮ್ಮ ಕಫವನ್ನು ನಾನು ಪರೀಕ್ಷೆ ಮಾಡಲೇ ಇಲ್ಲ. ನೋಡಿದ್ದು ಬರೀ ಜೊಲ್ಲು — ಡಬ್ಬಿ ತೆರೆದ ಕೂಡಲೇ ಅದು ಗೊತ್ತಾಗಿತ್ತು. ಗೊತ್ತಿದ್ದೂ, ಟಿಬಿಯ ರೋಗಾಣು ಕಂಡಿಲ್ಲ ಎಂದು ರಿಪೋರ್ಟು ಬರೆದೆ.

ಆರು ವರ್ಷವಾಯಿತು. ಮುಂಬೈಯ ಸಯನ್ ಸ್ಟೇಷನ್ ಹತ್ತಿರದ ನಮ್ಮ ಸಣ್ಣ ಲ್ಯಾಬಿಗೆ ನೀವು ಧಾರಾವಿಯಿಂದ ಕೆಮ್ಮುತ್ತ ನಡೆದು ಬಂದಿದ್ದಿರಿ. ಹಿಂದಿನ ದಿನ ಖಾಲಿ ಡಬ್ಬಿ ಕೊಡುವಾಗಲೇ ನಾನು ವಿಜಯಪುರದ ಕಡೆಯವನೆಂದು ಪತ್ತೆ ಹಚ್ಚಿದ್ದಿರಿ. ಆ ದಿನ ಅದೇ ಡಬ್ಬಿಯನ್ನು ಒಗೆದ ಬಟ್ಟೆಯಲ್ಲಿ ಸುತ್ತಿ ತಂದು, ಕೌಂಟರಿನ ಆಚೆಯಿಂದಲೇ ದೊಡ್ಡ ದನಿಯಲ್ಲಿ ಹೇಳಿದಿರಿ: "ಅಣ್ಣಾರ, ಮೂರ ಸಲ ಬಾಯಿ ಮುಕ್ಕಳಿಸಿ ಚಲೋದ ತಂದೀನ್ರಿ. ನಮ್ಮ ಊರ ಕಡೆಯವರ ಕೈಯಾಗ ಹೊಲಸು ಹೆಂಗ ಕೊಡೂದ್ರಿ?"

ನಮಗೆ ಬೇಕಾದದ್ದು ಆ ಹೊಲಸೇ, ಎದೆಯಾಳದಿಂದ ಕೆಮ್ಮಿ ನಾಳೆ ಮತ್ತೆ ತನ್ನಿ — ಇಷ್ಟು ಹೇಳಿದ್ದರೆ ಸಾಕಿತ್ತು. ಆದರೆ ಕೌಂಟರಿನ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. ಅಲ್ಲಿ ನಾನು ಅಚ್ಚ ಮರಾಠಿ ಮಾತಾಡುವ ದೊಡ್ಡ ಮನುಷ್ಯ! ನಿಮ್ಮ ಮಾತು ಕೇಳಿ ನನಗೆ ನಾಚಿಕೆಯಾಯಿತು. ನೀವು ಬೇಗ ಹೋದರೆ ಸಾಕಾಗಿತ್ತು. ಕೆಲಸದ ಒತ್ತಡವಿತ್ತು ಎಂದು ಹೇಳಿಕೊಳ್ಳಬೇಕೆಂದು ಎಷ್ಟೋ ಸಲ ಅನ್ನಿಸಿದೆ — ಇರಲಿಲ್ಲ ಅಕ್ಕಾ, ಆ ದಿನ ಕೆಲಸವೇ ಇರಲಿಲ್ಲ.

ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಬಾಯಿಯ ಒಳಚರ್ಮದ ಚೂರುಗಳು, ಅಷ್ಟೇ. ಕಂಡಿಲ್ಲ ಎಂಬುದು ಸುಳ್ಳಲ್ಲವಲ್ಲ ಎಂದು ಸಮಾಧಾನ ಬೇರೆ ಮಾಡಿಕೊಂಡೆ. ಬಾವಿಗೆ ಕೊಡ ಇಳಿಸದೆ ನೀರಿಲ್ಲ ಅಂದ ಹಾಗೆ.

ಐದು ತಿಂಗಳಿಗೆ ನೀವು ಮತ್ತೆ ಬಂದಿರಿ, ಅರ್ಧಕ್ಕರ್ಧ ಇಳಿದು. ದೊಡ್ಡ ಆಸ್ಪತ್ರೆಯಲ್ಲಿ ನಿಮಗೆ ಟಿಬಿ ಎಂದಿದ್ದರು. ನಿಮ್ಮ ನಾಲ್ಕು ವರ್ಷದ ಕಸ್ತೂರಿಗೆ ಅದು ಮೆದುಳಿಗೇ ಏರಿತ್ತು. ಮಗು ಉಳಿದಿತ್ತು, ಕಿವಿ ಹೋಗಿದ್ದವು. ನನ್ನ ರಿಪೋರ್ಟು ಇನ್ನೂ ನಿಮ್ಮ ಪ್ಲಾಸ್ಟಿಕ್ ಚೀಲದಲ್ಲಿತ್ತು.

"ನೀವು ಇಲ್ಲ ಅಂದಿದ್ರಲ್ರಿ, ಅದಕ್ಕ ಕೂಸಿನ್ನ ಬಗಲಾಗ ಹಾಕ್ಕೊಂಡ ಮಲಗತಿದ್ನಿ. ಜಡ್ಡು ಆಮ್ಯಾಲೆ ಬಂದಿರಬೇಕಲ್ರಿ, ಅಣ್ಣಾರ?"

ನೀವು ಚುಚ್ಚಲು ಕೇಳಲಿಲ್ಲ. ನಿಜಕ್ಕೂ ಕೇಳಿದಿರಿ, ನನ್ನನ್ನು ನಂಬಿ.

"ಹೌದ್ರಿ ಅಕ್ಕಾರ, ಆಮ್ಯಾಲೇ ಬಂದಿರಬೇಕು" ಎಂದೆ. ಆ ದಿನ ನಮ್ಮ ಊರ ಮಾತು ಎಷ್ಟು ಸಲೀಸಾಗಿ ಬಾಯಿಗೆ ಬಂತು — ನೀವು ಕೈ ಮುಗಿದು ಹೋದಿರಿ.

ಈಗ ಯಾರಾದರೂ ಜೊಲ್ಲು ತಂದರೆ ವಾಪಸ್ ಕಳಿಸುತ್ತೇನೆ. ಹೇಗೆ ಕೆಮ್ಮಬೇಕೆಂದು ನಾನೇ ಕೆಮ್ಮಿ ತೋರಿಸುತ್ತೇನೆ, ಯಾರು ನಕ್ಕರೂ. ಅದರಿಂದ ಕಸ್ತೂರಿಗೆ ಏನಾಗಬೇಕಾಗಿದೆ?

ನಿಮಗೆ ಓದು ಬರುವುದಿಲ್ಲ. ಈ ಭಾನುವಾರ ಧಾರಾವಿಗೆ ಬಂದು ಇದನ್ನು ನಾನೇ ಓದಿ ಹೇಳುತ್ತೇನೆ. ಬಯ್ಯಿರಿ, ಹೊಡೆಯಿರಿ. ಆದರೆ ಕಸ್ತೂರಿಗೆ ಈಗ ಹತ್ತು ವರ್ಷ. ನಾನು ಓದುವಾಗ ಪಕ್ಕದಲ್ಲಿ ಕೂತು ನನ್ನ ಬಾಯನ್ನೇ ನೋಡುತ್ತಿರುತ್ತಾಳೆ — ಅವಳಿಗೆ ಹೇಗೆ ಹೇಳಬೇಕೋ ನನಗೆ ಗೊತ್ತಿಲ್ಲ.