ಎಂಟು ಜನರ ಆಟ

ಈ ಕೊರೆವ ಚಳಿಯಲ್ಲಿ ಮಾವ ಓಟೊ ಆಟದ ಶೆಡ್ಡಿನಲ್ಲಿ ಜಾರಿಬಿದ್ದರೆ ಎತ್ತುವವರು ಯಾರು? ಮಗುವಿಗೆ ಹಾಲೂಡಿಸುವಾಗಲೂ ಮಾರ್ಲಿಸ್‌ಗೆ ಅದೇ ಚಿಂತೆ.

ಸಸ್ಕಾಚೆವಾನ್ ಬಯಲಿನ ಆ ಊರು ರೈಲಿನೊಂದಿಗೇ ಹುಟ್ಟಿತ್ತು. ಗೋಧಿಯ ಮೂರು ಕಣಜಗಳಿದ್ದವು, ಶಾಲೆಯಿತ್ತು. ಊರವರು ಮಂಜುಗಡ್ಡೆಯ ಮೇಲೆ ಭಾರದ ನುಣುಪು ಕಲ್ಲು ಜಾರಿಸಿ ಆಡಲೆಂದು ಓಟೊ ನಲವತ್ತು ಚಳಿಗಾಲ ಶೆಡ್ಡಿನ ನೆಲಕ್ಕೆ ನೀರು ಹೊಯ್ದು ಹೆಪ್ಪುಗಟ್ಟಿಸಿದ್ದರು. ರೈಲು ನಿಂತಿತು, ಶಾಲೆ ಮುಚ್ಚಿತು. ಆಟಕ್ಕೆ ಎಂಟು ಜನ ಬೇಕು, ತಲೆಗೆ ಎರಡು ಕಲ್ಲು. ಈಗ ಮಗು ಸೇರಿ ಊರಿಗೇ ಐವರು. ಆದರೂ ಓಟೊ ನೀರು ಹೊಯ್ಯುವುದನ್ನು ಬಿಟ್ಟಿರಲಿಲ್ಲ.

"ಯಾರಿಗೋಸ್ಕರ ಮಾವ ಇದೆಲ್ಲ?"

"ನಿನ್ ಮಗಳಿಲ್ವೇನೇ? ಹಲ್ಲು ಬರ್ಲಿ, ನಿನ್ನೇ ಸೋಲಿಸ್ತಾಳೆ!"

ಅಂದು ಶೆಡ್ಡಿನಿಂದ ಮರಳಿದಾಗ ಅವರ ಬೆರಳುಗಳು ಬೆಳ್ಳಗೆ ಮರಗಟ್ಟಿದ್ದವು. ಕಲ್ಲುಗಳಿರುವ ತನಕ ಅವರು ನಿಲ್ಲಿಸುವವರಲ್ಲ. ಮಾರ್ಲಿಸ್ ಪಕ್ಕದ ಪಟ್ಟಣದ ಆಟದ ಕ್ಲಬ್ಬಿಗೆ ಫೋನ್ ಮಾಡಿದಳು.

"ನಮ್ಮೂರಿನ ಕಲ್ಲುಗಳನ್ನ ತಗೊಂಡ್ಹೋಗಿ. ಹದಿನಾರೂ ಇವೆ."