ಚಾವಣಿಯ ಕೆಳಗಿನ ಅರ್ಧ

ಗಣಿಯ ಕೂಲಿ ಲೈನಿನ ಸಾಲುಮನೆಗಳಲ್ಲಿ ನಮ್ಮದು ಒಂದೇ ಕೋಣೆಯ ಬಿದಿರು ತಟ್ಟಿಯ ಮನೆ. ಅಪ್ಪ, ಅಮ್ಮ, ತಮ್ಮ, ನಾನು, ಅಪ್ಪನನ್ನು ಹೆತ್ತ ಅಜ್ಜಿ, ಒಟ್ಟು ಐದು ಜನ. ಅಜ್ಜಿ ಬಾಗಿಲ ಬಳಿ ಮಲಗುತ್ತಿದ್ದಳು. ಅವಳನ್ನು ದಾಟದೆ ಯಾರೂ ಹೊರಗೆ ಹೋಗುವ ಹಾಗಿರಲಿಲ್ಲ. ನನಗಾಗ ಹನ್ನೆರಡು ವರ್ಷ. ಘನಫಲದ ಲೆಕ್ಕಕ್ಕೆ ಈ ಹುಡುಗಿಯನ್ನು ಬಿಟ್ಟರೆ ಇನ್ನೊಬ್ಬರಿಲ್ಲ ಎಂದು ಮೇಷ್ಟ್ರು ಹೊಗಳಿ ಹೊಗಳಿ ನನ್ನ ತಲೆ ಕೆಡಿಸಿದ್ದರು.

ಆ ವರ್ಷ ಲೈನುಗಳಲ್ಲಿ ಜ್ವರ ಹಬ್ಬಿತು. ಒಬ್ಬೊಬ್ಬರಿಗೆ ಇನ್ನೂರು ಘನ ಅಡಿ ಜಾಗ ಇರಲೇಬೇಕು, ಹೆಚ್ಚಾದವರು ಲೈನು ಬಿಡಬೇಕು ಎಂದು ಗಣಿಯವರ ಕಟ್ಟಪ್ಪಣೆಯಾಯಿತು. ಬಿಡಬೇಕಾದವಳು ತಾನೇ ಎಂದು ಅಜ್ಜಿಗೆ ಯಾರೂ ಹೇಳಬೇಕಾಗಿರಲಿಲ್ಲ. ಎರಡು ದಿನ ಅವಳು ಮುದ್ದೆಯನ್ನು ಮುರಿದು ಹಾಗೇ ಇಟ್ಟಳು.

ಅಳೆಯಲು ಬಂದ ಗುಮಾಸ್ತರು ಟೇಪು ಹಿಡಿದರು. ಉದ್ದ ಹತ್ತು ಅಡಿ, ಅಗಲ ಹತ್ತು, ಗೋಡೆಯ ಎತ್ತರ ಆರು. ಅದರ ಮೇಲೆ ಎರಡೂ ಕಡೆಗೆ ಇಳಿದ ಚಾವಣಿ, ನೆತ್ತಿಯವರೆಗೆ ಇನ್ನೂ ನಾಲ್ಕು ಅಡಿ. ಗೋಡೆಯ ಮಟ್ಟಕ್ಕೆ ಆರುನೂರು, ಮೇಲಕ್ಕೆ ನಾನೂರು, ಒಟ್ಟು ಸಾವಿರ, ಐದು ಜನಕ್ಕೆ ಸರಿಹೋಯಿತು ಎಂದು ಬರೆದುಕೊಂಡರು. ಅಮ್ಮ ನೆಮ್ಮದಿಯ ಉಸಿರು ಬಿಟ್ಟಳು.

ನಾನು ಬಾಯಿ ಮುಚ್ಚಿಕೊಂಡಿರಬಾರದಿತ್ತೆ? ಅವರ ಪುಸ್ತಕಕ್ಕೆ ಕತ್ತು ಚಾಚಿದೆ.

“ಚಾವಣಿ ಕೆಳಗಡೆ ತ್ರಿಕೋನ ಅಲ್ವಾ ಸಾರ್? ಅದು ನಾನೂರಲ್ಲ, ಅದ್ರಲ್ಲಿ ಅರ್ಧ.”

ಗುಮಾಸ್ತರು ನನ್ನನ್ನು ನೋಡಿದರು, ಆಮೇಲೆ ಅಜ್ಜಿಯನ್ನು ನೋಡಿದರು. ಬಾಗಿಲಲ್ಲಿ ನಿಂತಿದ್ದ ಅವರ ಮೇಲಧಿಕಾರಿಗೂ ನನ್ನ ಮಾತು ಕೇಳಿಸಿತ್ತು. ಗುಮಾಸ್ತರು ಸಾವಿರವನ್ನು ಹೊಡೆದು ಎಂಟುನೂರು ಎಂದು ಬರೆದರು. ನಾಲ್ಕೇ ಜನ. ಅವರು ಮೊದಲು ತಪ್ಪಿದ್ದರೋ, ಗೊತ್ತಿದ್ದೇ ಹಾಗೆ ಬರೆದಿದ್ದರೋ, ಇವತ್ತಿಗೂ ತಿಳಿಯದು. ಗೊತ್ತಿದ್ದೇ ಬರೆದಿದ್ದರು ಎನ್ನಿಸಿದ ದಿನ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಅಪ್ಪ ನನಗೆ ಹೊಡೆಯಲಿಲ್ಲ. ಬಂಗಾರಪೇಟೆಯವರೆಗೆ ರೈಲಿನಲ್ಲಿ ಕರೆದೊಯ್ದು, ಅಲ್ಲಿಂದ ನಡೆಸಿಕೊಂಡು ಹೋಗಿ, ದೂರದ ನೆಂಟರೊಬ್ಬರ ದನದ ಕೊಟ್ಟಿಗೆಯ ಮೂಲೆಯಲ್ಲಿ ಅಜ್ಜಿಯನ್ನು ಬಿಟ್ಟು ಬರುವುದೆಂದಾಯಿತು. ಹೊರಡುವಾಗ ನಾನು ಗೋಡೆಗೆ ಮುಖ ಮಾಡಿ ನಿಂತಿದ್ದೆ. ಅಜ್ಜಿ ಹತ್ತಿರ ಬಂದು ತಲೆ ಸವರಿದಳು.

“ಅಳಬ್ಯಾಡ ಮಗಾ. ನೀ ಏಳಿದ್ದೇ ಸರ್ಯಾದ ಲೆಕ್ಕವಂತೆ. ಅಷ್ಟು ದೊಡ್ಡೋರೇ ಒಪ್ಕೊಂಡ್ರಲ್ಲ.”

ಅವಳಿಗೆ ನಿಜವಾಗಿಯೂ ಹೆಮ್ಮೆಯಾಗಿತ್ತು. ಒಂದು ಮಾತು ಬೈದಿದ್ದರೆ ನಾನು ಹೇಗೋ ಬದುಕಿಕೊಳ್ಳುತ್ತಿದ್ದೆ.

ಅವಳು ಮಲಗುತ್ತಿದ್ದ ಕಡೆ ನಾವು ಯಾರೂ ಚಾಪೆ ಹಾಸಲಿಲ್ಲ. ಚಳಿಗಾಲ ಮುಗಿಯುವ ಮೊದಲೇ ನೆಂಟರ ಊರಿಂದ ಸುದ್ದಿ ಬಂತು.

ವರ್ಷದ ಪರೀಕ್ಷೆಯಲ್ಲಿ ಮೇಷ್ಟ್ರು ಅಂಥದೇ ಇಳಿಜಾರು ಚಾವಣಿಯ ಲೆಕ್ಕ ಕೊಟ್ಟರು. ನಾನು ಬೇಕೆಂದೇ ಅರ್ಧ ಮಾಡದೆ ಬರೆದೆ. ಅವರು ಉತ್ತರಕ್ಕೆ ಅಡ್ಡಗೆರೆ ಎಳೆದು, ನಿನ್ನಂಥವಳೂ ಅರ್ಧ ಮಾಡುವುದನ್ನು ಮರೆಯುವುದೇ ಎಂದು ಕೇಳಿದರು. ಹೌದು ಸಾರ್, ಮರೆತೆ ಎಂದೆ. ಆ ಹೊತ್ತಿಗೆ ಅಜ್ಜಿಯನ್ನು ಮಣ್ಣು ಮಾಡಿ ಒಂದು ತಿಂಗಳಾಗಿತ್ತು.